ಉಣುಗಿನ ಲೆಕ್ಕ



1957ನೇ ಇಸವಿಯ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸ್ಯಗಳೂ ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿಯುವ ನೋವು, ಏಳಲಾರದಷ್ಟು ಮೈಕೈ ನೋವು. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಬಂದರು. ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಮಂಗಗಳನ್ನು ಕೊಲ್ಲುವ ಆ ಜ್ವರ ಭಾರತಕ್ಕೆ ಕಾಲಿಟ್ಟೇ ಇರಲಿಲ್ಲ; ಇಟ್ಟಿದ್ದರೆ ಅನಾಹುತವೇ. ರಕ್ತ ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ಒಂದು ವೈರಸ್. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ದಾಯಾದಿ, ಆದರೆ ಅಲ್ಲಿಯವರೆಗೆ ಪ್ರಪಂಚದಲ್ಲಿ ಯಾರೂ ಕಂಡಿರದ್ದು. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು, ಇವತ್ತಿಗೂ ಹಾಗೇ ಕರೆಯುತ್ತಾರೆ.

ಈ ಕಾಯಿಲೆಯ ಬಗ್ಗೆ ವೈದ್ಯರು ಈ ಬಾನುಲಿ ಕೇಂದ್ರದಿಂದ ಬೇಕಾದಷ್ಟು ಸಲ ಮಾತಾಡಿದ್ದಾರೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವನು. ನಿಮ್ಮ ವಿದ್ಯೆಯಿಂದ ಊರಿಗೇನು ಉಪಯೋಗ ಎಂದು ಕೇಳುವವರಿಗೆ ಹವಾಮಾನ, ಚುನಾವಣೆ, ವಿಮೆ ಎಂದು ಏನೇನೋ ಹೇಳಿ ಪಾರಾಗಬಹುದು. ಆದರೆ ಒಳ್ಳೆಯ ಉತ್ತರ ಇರುವುದು ಜ್ವರದಲ್ಲಿ. ಒಂದು ಊರಿನ ಆರೋಗ್ಯದ ಸಂಗತಿಯಲ್ಲಿ ಕಣ್ಣಿಗೆ ಬಿದ್ದದ್ದಕ್ಕಿಂತ ಬೀಳದೆ ಉಳಿದದ್ದೇ ಯಾವಾಗಲೂ ಹೆಚ್ಚು. ಆ ಉಳಿದದ್ದನ್ನು ಅಂದಾಜು ಮಾಡುವುದು, ಅಂದಾಜು ಎಷ್ಟರ ಮಟ್ಟಿಗೆ ಸುಳ್ಳಾಗಬಹುದು ಎಂಬುದನ್ನೂ ಜೊತೆಗೇ ಹೇಳುವುದು, ಇದು ನಮ್ಮ ಕಸುಬು. ಇವತ್ತು ಆ ಕಸುಬಿನ ಮಾತು.

ಮೊದಲು ಉಣುಗನ್ನು ನೋಡೋಣ. ಈ ಕಾಯಿಲೆ ಹರಡುವುದರಲ್ಲಿ ಮುಖ್ಯವಾದ ಜಾತಿಯ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರ. ಅದರ ಬದುಕು ಮೂರು ಊಟದ ಬದುಕು. ಮೊಟ್ಟೆಯಿಂದ ಹೊರಬಂದ ಮರಿ ಇಲಿ, ಹೆಗ್ಗಣ, ಹಕ್ಕಿಯಂಥ ಸಣ್ಣ ಜೀವಗಳ ಮೇಲೆ ಒಮ್ಮೆ ರಕ್ತ ಕುಡಿದು ಉದುರುತ್ತದೆ. ಚರ್ಮ ಕಳಚಿ ಎರಡನೆಯ ಹಂತಕ್ಕೆ ಬಂದು ಮತ್ತೆ ಒಂದು ಊಟ. ಈ ಎರಡನೆಯ ಹಂತದ ಉಣುಗೇ ಹೆಚ್ಚಾಗಿ ಮಂಗನಿಗೂ ಮನುಷ್ಯನಿಗೂ ಕಚ್ಚುವುದು. ಅಷ್ಟು ಸಣ್ಣದು ಅದು, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಹೊರಬಿದ್ದು ಮಳೆಗಾಲದ ಬಾಗಿಲವರೆಗೂ ತರಗೆಲೆಯ ಮೇಲೆ ಕಾದಿರುತ್ತದೆ. ಬೆಳೆದ ಮೇಲೆ ಮೂರನೆಯ ಊಟಕ್ಕೆ ಅದಕ್ಕೆ ದೊಡ್ಡ ಪ್ರಾಣಿ ಬೇಕು. ಮಲೆನಾಡಿನಲ್ಲಿ ಅದು ಹೆಚ್ಚಾಗಿ ಮೇಯಲು ಬಿಟ್ಟ ದನ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಒಂದೇ ಜಾಗದಲ್ಲಿ ಉದುರುತ್ತವೆ. ಅಪಾಯದ ಜಾಗ ಅದೇ. ಮನುಷ್ಯನಿಂದ ಮನುಷ್ಯನಿಗೆ ಕಾಯಿಲೆ ಹರಡುವುದಿಲ್ಲ. ವೈರಸ್ಸಿನ ಮಟ್ಟಿಗೆ ನಾವು ದಾರಿ ಮುಗಿಯುವ ಜಾಗ.

ಹೋರ್ಹೆ ಬೊಶೆಲ್ ಎಂಬ ಕೊಲಂಬಿಯದ ವಿಜ್ಞಾನಿ ಇದನ್ನೆಲ್ಲ ಇಲ್ಲೇ ಇದ್ದು ಗಮನಿಸಿ 1969ರಲ್ಲಿ ಒಂದು ವಾದ ಮುಂದಿಟ್ಟರು. ವೈರಸ್ ಈ ಕಾಡಿನಲ್ಲಿ ಹಿಂದಿನಿಂದಲೂ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಿ, ಕಾಡಿನ ಅಂಚು ಸವರಿ ಗದ್ದೆ ತೋಟ ಆಗಿ, ದನಗಳು ಒಳಗೆ ಮೇಯಲು ಹೋದಂತೆಲ್ಲ ಉಣುಗು ವಿಪರೀತ ಹೆಚ್ಚಿತು, ಆಗ ಕಾಯಿಲೆ ಹೊರಗೆ ಬಂತು ಎಂಬುದು ಅದರ ಸಾರ. ಕೇಳಲು ಸರಿಯೆನಿಸುತ್ತದೆ. ಆದರೆ ಸರಿಯೆನಿಸುವುದು ಬೇರೆ, ಅಳತೆಗೆ ಸಿಗುವುದು ಬೇರೆ. ಯಾವ ಬಗೆಯ ಕಾಡಿದ್ದರೆ ಎಷ್ಟು ಅಪಾಯ, ಎಷ್ಟು ದನವಿದ್ದರೆ ಎಷ್ಟು ಅಪಾಯ ಎಂದು ಬಿಡಿಸಿ ಹೇಳಲು ಆ ಕಾಲದಲ್ಲಿ ಇಂದಿನಂತೆ ಉಪಗ್ರಹದ ಚಿತ್ರ, ಗಣಕಯಂತ್ರ ಕೈಗೆಟುಕುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಬೆಂಗಳೂರಿಗೆ ಹೋಗಿ ಬರುತ್ತೇನೆ. 1883ರಲ್ಲಿ ಬೆಂಗಳೂರು ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಚಿಕ್ಕ ವಯಸ್ಸಿನ ಸೇನಾ ವೈದ್ಯ ಇದ್ದ. ತನ್ನ ಬಂಗಲೆಯಲ್ಲಿ ಮಾತ್ರ ಇಷ್ಟೊಂದು ಸೊಳ್ಳೆ ಏಕೆ ಎಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಅದನ್ನು ಮಗುಚಿ ಹಾಕಿದ, ಸೊಳ್ಳೆ ಕಡಿಮೆಯಾಯಿತು. ಹದಿನಾಲ್ಕು ವರ್ಷದ ನಂತರ, 1897ರಲ್ಲಿ, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡವನೂ ಅವನೇ. 1902ರಲ್ಲಿ ನೊಬೆಲ್ ಬಂತು. ಶಾಲೆಯ ಪುಸ್ತಕದಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ನನ್ನಂಥವರಿಗೆ ರುಚಿಸುವ ಭಾಗ ಆಮೇಲಿನದು. ಸೊಳ್ಳೆಯನ್ನು ಒಂದೂ ಬಿಡದೆ ಕೊಲ್ಲುವುದು ಯಾರಿಂದಲೂ ಆಗದ ಕೆಲಸ, ಹಾಗಾಗಿ ಈ ಪ್ರಯತ್ನವೇ ದಂಡ ಎಂದು ದೊಡ್ಡ ದೊಡ್ಡವರು ರಾಸ್‌ಗೆ ಎದುರು ವಾದಿಸಿದರು. ಅವನು ಗಣಿತ ಹಿಡಿದು ಕೂತ. ಒಬ್ಬ ರೋಗಿಯಿಂದ ಎಷ್ಟು ಸೊಳ್ಳೆಗೆ, ಆ ಸೊಳ್ಳೆಗಳಿಂದ ಎಷ್ಟು ಹೊಸಬರಿಗೆ ಎಂದು ಸಮೀಕರಣ ಬರೆದು, 1911ರಲ್ಲಿ ಮಲೇರಿಯಾ ತಡೆಯ ಬಗೆಗಿನ ತನ್ನ ಪುಸ್ತಕದ ಎರಡನೆಯ ಆವೃತ್ತಿಯಲ್ಲಿ ಅದನ್ನು ವಿಸ್ತರಿಸಿದ. ಸೊಳ್ಳೆಯ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ಮಲೇರಿಯಾ ತಾನಾಗಿ ನಂದುತ್ತದೆ ಎಂದು ಆ ಸಮೀಕರಣ ತೋರಿಸಿತು. ಕೊನೆಯ ಸೊಳ್ಳೆಯ ಬೆನ್ನು ಹತ್ತಬೇಕಾಗಿಲ್ಲ. ಪುರಸಭೆಯವನು ಚರಂಡಿಗೆ ಎಣ್ಣೆ ಹೊಡೆಯುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಇನ್ನೇನು ಬೇಕು?

ಈಗ ನಮ್ಮ ಕಾಡಿಗೆ ಮರಳೋಣ. ಇಲ್ಲಿ ರಾಸ್‌ನ ಉಪಾಯ ಹಾಗೇ ನಡೆಯುವುದಿಲ್ಲ. ಉಣುಗು ಪೀಪಾಯಿಯಲ್ಲಿ ಹುಟ್ಟುವುದಿಲ್ಲ. ಪಶ್ಚಿಮ ಘಟ್ಟದ ತರಗೆಲೆಗೆಲ್ಲ ಔಷಧಿ ಹೊಡೆಯಲು ಆಗುವುದಿಲ್ಲ, ಆಗುವಂತಿದ್ದರೂ ಹೊಡೆಯಬಾರದು. ಇರುವಷ್ಟೇ ಆರೋಗ್ಯ ಸಹಾಯಕರು, ಇರುವಷ್ಟೇ ಆಶಾ ಕಾರ್ಯಕರ್ತೆಯರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಯೂ ಇರುವಷ್ಟೇ. ಅವರನ್ನು, ಅದನ್ನು ಮೊದಲು ಯಾವ ಹಳ್ಳಿಗೆ ಕಳಿಸಬೇಕು? ಹೋದ ವರ್ಷ ಕಾಯಿಲೆ ಬಂದ ಹಳ್ಳಿಗೆ ಎನ್ನುವುದು ಸುಲಭದ ಉತ್ತರ. ಆದರೆ ಈ ಕಾಯಿಲೆ ಒಂದೇ ಕಡೆ ಕೂರುವ ಜಾತಿಯದಲ್ಲ. ಸೊರಬದಿಂದ ಅಕ್ಕಪಕ್ಕದ ತಾಲ್ಲೂಕಿಗೆ ಬಂತು, ಉತ್ತರ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳನ್ನು ಮುಟ್ಟಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದ ಜಾಗದಲ್ಲಿ ದೊಡ್ಡದಾಗಿ ಎದ್ದಿತು. 2012ರ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ಹಿಂದೆ ಎಂದೂ ಕಾಯಿಲೆ ಕಾಣದ ಹಳ್ಳಿಯಲ್ಲಿ ಕಾಯಿಲೆ ಎದ್ದಾಗ ಅಪಾಯ ಹೆಚ್ಚು. ಅಲ್ಲಿ ಜನಕ್ಕೂ ಗೊತ್ತಿರುವುದಿಲ್ಲ, ವೈದ್ಯರಿಗೂ ಹೊಳೆಯುವುದಿಲ್ಲ. ಈ ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಇದಕ್ಕೆಂದೇ ಇರುವ ಔಷಧಿ ಇನ್ನೂ ಇಲ್ಲ.

ಬ್ರಿಟನ್ನಿನ ಪರಿಸರ ಮತ್ತು ಜಲ ವಿಜ್ಞಾನ ಕೇಂದ್ರದ ಬೆಥನ್ ಪರ್ಸ್, ಬೆಂಗಳೂರಿನ ಅಶೋಕ ಟ್ರಸ್ಟ್‌ನ ಅಬಿ ತಮೀಮ್ ವನಕ್ ಮತ್ತು ಅವರ ಹಲವು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದ ಕೆಲಸ ಈ ಪ್ರಶ್ನೆಗೆ ಸಂಬಂಧಿಸಿದ್ದು. ಅವರು ಮಾಡಿದ್ದರಲ್ಲಿ ನನಗೆ ಮೆಚ್ಚುಗೆಯಾದದ್ದು ಸಮೀಕರಣಕ್ಕಿಂತ ಮೊದಲಿನ ಹೆಜ್ಜೆ. ಗಣಕದ ಮುಂದೆ ಕೂರುವ ಮುನ್ನ ಆರೋಗ್ಯ ಇಲಾಖೆ, ಪಶುವೈದ್ಯ ಇಲಾಖೆ, ಅರಣ್ಯ ಇಲಾಖೆ ಹೀಗೆ ಬೇರೆ ಬೇರೆ ಕಡೆ ದುಡಿಯುವವರನ್ನು ಒಟ್ಟಿಗೆ ಕೂರಿಸಿದರು. ನಿಮ್ಮ ಅನುಭವದಲ್ಲಿ ಕಾಯಿಲೆ ಎಲ್ಲಿ ಏಳುತ್ತದೆ, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ನಿಮಗೆ ಎಂಥ ನಕ್ಷೆ ಕೊಟ್ಟರೆ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರು. ಒಂದೇ ಜಿಲ್ಲೆಯಲ್ಲಿ ಒಂದೇ ಕಾಯಿಲೆಯ ಮೇಲೆ ದುಡಿಯುವ ಮೂರು ಇಲಾಖೆಯವರು ಮೇಜಿನ ಸುತ್ತ ಕೂರುವುದೇ ಅಪರೂಪ ಎನ್ನುವುದು ಸರ್ಕಾರಿ ಕಚೇರಿ ಕಂಡವರಿಗೆ ಹೇಳಬೇಕಾಗಿಲ್ಲ.

ಆಮೇಲೆ ಶಿವಮೊಗ್ಗ ಜಿಲ್ಲೆಯ ನಕ್ಷೆಯ ಮೇಲೆ ಲೆಕ್ಕ. ಕಾಯಿಲೆ ಬಂದ ಜಾಗಗಳನ್ನು ಗುರುತಿಸಿ, ಆ ಜಾಗಗಳ ಸುತ್ತ ಯಾವ ಬಗೆಯ ಕಾಡು ಎಷ್ಟಿದೆ, ನೆಡುತೋಪು ಎಷ್ಟಿದೆ, ದನ ಎಷ್ಟು, ಜನ ಎಷ್ಟು ಎಂದು ತುಂಬುವುದು. ಕಾಯಿಲೆ ಬಾರದ ಜಾಗಗಳಿಗೂ ಹಾಗೇ ತುಂಬುವುದು. ಎರಡನ್ನೂ ಬೇರ್ಪಡಿಸುವ ಗುಣ ಯಾವುದು ಎಂದು ಹುಡುಕುವುದು. ಸಿಕ್ಕಿದ್ದು ಇದು: ತೇವವುಳ್ಳ ನಿತ್ಯಹರಿದ್ವರ್ಣ ಕಾಡೂ ನೆಡುತೋಪೂ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ ಅಪಾಯ ಹೆಚ್ಚು. ನಾಟಿ ದನದ ಸಂಖ್ಯೆ ಹೆಚ್ಚಿದ್ದರೆ ಅಪಾಯ ಹೆಚ್ಚು. ಎಲೆ ಉದುರಿಸುವ ಒಣ ಕಾಡು ಹೆಚ್ಚಿದ್ದಲ್ಲಿ ಕಡಿಮೆ. ಬೊಶೆಲ್ ಬರೆದು ಐವತ್ತು ವರ್ಷ ದಾಟಿದ ಮೇಲೆ ಅವರ ಮಾತಿನ ಒಂದು ತುಂಡಾದರೂ ಸಂಖ್ಯೆಯ ರೂಪ ಪಡೆಯಿತು. ನಟ್ಟ ನಡುಗಾಡಿಗಿಂತ ಕಾಡು, ತೋಪು, ತೋಟ, ಕೊಟ್ಟಿಗೆ ಕೂಡುವ ಜಾಗ ಮುಖ್ಯ. ಸೊಪ್ಪಿನ ಬೆಟ್ಟಕ್ಕೆ ದರಗು ಗುಡಿಸಲು ಹೋಗುವ ಹೆಂಗಸರು, ದನ ಹುಡುಕಿಕೊಂಡು ಹೋಗುವ ಹುಡುಗರು ಓಡಾಡುವ ಜಾಗ ಅದೇ.

ಆದರೆ ಇಲ್ಲಿ ಒಂದು ತಡೆ ಹಾಕದಿದ್ದರೆ ನಾನು ಪಾಠ ಹೇಳಿದ್ದು ದಂಡ. ನಾಟಿ ದನ ಹೆಚ್ಚಿರುವ ಕಡೆ ಕಾಯಿಲೆ ಹೆಚ್ಚು ಎಂದರೆ ದನವೇ ಕಾರಣ ಎಂದಲ್ಲ. ಮಿಶ್ರತಳಿಯ ಹಸು ಕೊಟ್ಟಿಗೆ ಬಿಟ್ಟು ಹೋಗುವುದಿಲ್ಲ. ನಾಟಿ ತಳಿಯ ಮಲೆನಾಡು ಗಿಡ್ಡ ಬೆಳಗಾದರೆ ಬೆಟ್ಟ ಹತ್ತುತ್ತದೆ, ಅದರ ಹಿಂದೆ ಮನುಷ್ಯ ಹತ್ತುತ್ತಾನೆ. ಉಣುಗಿಗೆ ಊಟ ಕೊಟ್ಟದ್ದು ದನವೋ, ಅಥವಾ ದನದ ಸಂಖ್ಯೆ ಎನ್ನುವುದು ಕಾಡಿಗೆ ಹೋಗಲೇಬೇಕಾದ ಮನೆಗಳ ಸಂಖ್ಯೆಯ ಇನ್ನೊಂದು ಹೆಸರೋ, ಇದನ್ನು ಆ ನಕ್ಷೆಯೊಂದೇ ಹೇಳಲಾರದು. ಗಿಡ್ಡ ದನ ಮಾರಿಬಿಡಿ ಎಂದು ಯಾರಾದರೂ ಆ ನಕ್ಷೆ ತೋರಿಸಿ ಉಪದೇಶ ಮಾಡಿದರೆ ನಂಬಬೇಡಿ. ಹಾಗೆಯೇ, ನಕ್ಷೆಯ ಮೇಲಿನ ಚುಕ್ಕೆಗಳೂ ಪೂರ್ತಿ ಮುಗ್ಧ ಅಲ್ಲ. ರಸ್ತೆ ಬದಿಯಲ್ಲಿ ಸತ್ತ ಮಂಗ ದಾಖಲೆಗೆ ಬರುತ್ತದೆ, ಕಣಿವೆಯಲ್ಲಿ ಸತ್ತದ್ದು ಬರುವುದಿಲ್ಲ. ಆಸ್ಪತ್ರೆ ಹತ್ತಿರವಿರುವ ಊರಿನ ಜ್ವರ ಪಟ್ಟಿಯಲ್ಲಿ ಇರುತ್ತದೆ, ಹೊಳೆ ದಾಟಿ ಬರಬೇಕಾದ ಊರಿನದು ಇರುವುದಿಲ್ಲ. ಚುಕ್ಕೆ ಇಲ್ಲದ ಜಾಗದಲ್ಲಿ ಕಾಯಿಲೆ ಇಲ್ಲವೋ, ಬರೆದುಕೊಳ್ಳುವವರು ಇಲ್ಲವೋ? ಸಂಖ್ಯಾಶಾಸ್ತ್ರಜ್ಞ ಹಾಸಿಗೆಯಲ್ಲಿ ಹೊರಳಾಡುವುದು ಈ ಪ್ರಶ್ನೆಗೆ.

ಲಸಿಕೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಚುಟುಕಾಗಿ. ಈ ಕಾಯಿಲೆಗೆ ಒಂದು ಲಸಿಕೆ ಬಹಳ ವರ್ಷ ಬಳಕೆಯಲ್ಲಿತ್ತು. ಹಾಕಿಸಿಕೊಂಡರೂ ಜ್ವರ ಬಂತಲ್ಲ ಎಂದು ಜನ ಬೇಸರಿಸಿದ್ದನ್ನು ನೀವೂ ಕೇಳಿರುತ್ತೀರಿ. ಲಸಿಕೆ ಹಾಕಿಸಿಕೊಂಡ ಒಬ್ಬರಿಗೆ ಬಂತೋ ಬಿಟ್ಟಿತೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಹಾಕಿಸಿಕೊಂಡ ಸಾವಿರ ಜನರಲ್ಲಿ ಎಷ್ಟು, ಹಾಕಿಸಿಕೊಳ್ಳದ ಸಾವಿರ ಜನರಲ್ಲಿ ಎಷ್ಟು ಎಂದು ಹೋಲಿಸಬೇಕು. 2005ರಿಂದ 2010ರವರೆಗಿನ ದಾಖಲೆಗಳನ್ನು ಹೀಗೆ ಹೋಲಿಸಿದಾಗ ಎರಡು ಸಲ ಹಾಕಿಸಿಕೊಂಡವರಿಗೆ ಶೇಕಡಾ 62ರಷ್ಟು, ಮೇಲೆ ಬೂಸ್ಟರ್ ಕೂಡ ಪಡೆದವರಿಗೆ ಶೇಕಡಾ 83ರಷ್ಟು ರಕ್ಷಣೆ ಕಂಡಿತು. ಒಂದೇ ಸಲ ಹಾಕಿಸಿ ಸುಮ್ಮನಾದರೆ ಪ್ರಯೋಜನ ಕಾಣಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದರ ಶಕ್ತಿ ಸಾಲದು ಎಂಬ ವರದಿಗಳು ಬಂದು 2022ರಲ್ಲಿ ಬಳಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಲಸಿಕೆಯ ಪರವಾಗಿ ಮಾತಾಡಿದ ಲೆಕ್ಕವೇ ಅದರ ವಿರುದ್ಧವೂ ಮಾತಾಡಿತು. ಅದಕ್ಕೆ ಯಾರ ಮುಲಾಜೂ ಇಲ್ಲ.

ಕಣ್ಣಿಗೆ ಬೀಳದವರ ಮಾತು ಎತ್ತಿದೆ. ಅದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ, ನೀವೆಲ್ಲ ಬದುಕಿ ಬಂದ ಕಾಲದ್ದು. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ಕೊರೊನಾ ದೃಢಪಟ್ಟವರು ಸುಮಾರು ಐದು ಲಕ್ಷ. ಪತ್ರಿಕೆಗಳಲ್ಲಿ ದಿನಾ ಬರುತ್ತಿದ್ದ ಸಂಖ್ಯೆ ಅದು. ನಿಜವಾಗಿ ಸೋಂಕು ಎಷ್ಟು ಜನರಿಗೆ ತಗುಲಿತ್ತು? ಗಿರಿಧರ ಬಾಬು ಅವರಂಥ ಸಾಂಕ್ರಾಮಿಕ ರೋಗ ತಜ್ಞರು, ಭಾರತೀಯ ವಿಜ್ಞಾನ ಸಂಸ್ಥೆಯ ರಾಜೇಶ್ ಸುಂದರೇಶನ್, ಆಗ ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದ ಶಿವ ಆತ್ರೇಯ ಮೊದಲಾದವರು ಸರ್ಕಾರದ ಜೊತೆ ಸೇರಿ ಒಂದು ಸಮೀಕ್ಷೆ ಹೂಡಿದರು. ಸುಂದರೇಶನ್ ಅವರದು ಸಂಪರ್ಕ ಜಾಲಗಳ ಗಣಿತ, ಆತ್ರೇಯ ಅವರದು ಸಂಭವನೀಯತೆಯ ಸಿದ್ಧಾಂತ. ಇಬ್ಬರೂ ವೈದ್ಯರಲ್ಲ. ಎಲ್ಲ ಜಿಲ್ಲೆಗಳಿಂದ 15,000ಕ್ಕೂ ಹೆಚ್ಚು ಜನರ ಮಾದರಿ ತೆಗೆದರು. ಯಾರನ್ನು ಆರಿಸಿದರು ಎಂಬುದರಲ್ಲಿ ಜಾಣ್ಮೆ ಇತ್ತು: ತಪಾಸಣೆಗೆ ಬಂದ ಬಸುರಿಯರು, ಹೊರರೋಗಿಗಳ ಜೊತೆಗೆ ಬಂದವರು, ಬಸ್ಸಿನ ಕಂಡಕ್ಟರುಗಳು, ಆಟೋ ಚಾಲಕರು, ತರಕಾರಿ ಮಾರುವವರು, ಪೌರಕಾರ್ಮಿಕರು, ವಯಸ್ಸಾದವರು. ಬಂದ ಉತ್ತರ, ಜನಸಂಖ್ಯೆಯ ಸುಮಾರು ಶೇಕಡಾ 27. ಎರಡು ಕೋಟಿಗೆ ಸ್ವಲ್ಪ ಕಡಿಮೆ. ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಹಿಂದೆ ಪಟ್ಟಿಗೆ ಸಿಗದವರು ಸುಮಾರು ನಲವತ್ತು.

ಪರೀಕ್ಷೆಗಳೇ ತಪ್ಪು ಹೇಳುತ್ತವಲ್ಲ, ಅವುಗಳಿಂದ ಸರಿ ಸಂಖ್ಯೆ ಹೇಗೆ ಬಂತು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾಗದ ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ನಿಜವಾಗಿ ಸೋಂಕು ಇರುವ ಹತ್ತು ಜನರಲ್ಲಿ ಒಂಬತ್ತು ಜನರನ್ನು ಅದು ಹಿಡಿಯುತ್ತದೆ. ಸೋಂಕು ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ಸುಮ್ಮನೆ ಇದೆ ಎನ್ನುತ್ತದೆ. ಸಾವಿರ ಜನರಿರುವ ಊರಿನಲ್ಲಿ ಸೋಂಕಿತರು ಮುನ್ನೂರು ಎಂದಿಟ್ಟುಕೊಂಡರೆ, ಪರೀಕ್ಷೆ ಅವರಲ್ಲಿ 270 ಜನರನ್ನು ಹಿಡಿಯುತ್ತದೆ, ಉಳಿದ ಏಳುನೂರರಲ್ಲಿ 14 ಜನರನ್ನು ತಪ್ಪಾಗಿ ಸೇರಿಸುತ್ತದೆ. ಒಟ್ಟು 284. ಪರೀಕ್ಷೆಯ ದೋಷ ಎಷ್ಟೆಂದು ಮೊದಲೇ ಗೊತ್ತಿದ್ದರೆ 284ರಿಂದ ಹಿಂದಕ್ಕೆ ನಡೆದು 300ಕ್ಕೆ ತಲುಪುವುದು ಎಸ್ಸೆಸ್ಸೆಲ್ಸಿ ಬೀಜಗಣಿತ. ಸಮೀಕ್ಷೆಯಲ್ಲಿ ನಡೆದದ್ದು ಇದರ ದೊಡ್ಡಣ್ಣ. ಒಂದಕ್ಕಿಂತ ಹೆಚ್ಚು ಬಗೆಯ ಪರೀಕ್ಷೆ, ಜಿಲ್ಲೆಗೊಂದು ತೂಕ, ಪ್ರತಿ ಉತ್ತರದ ಎರಡು ಬದಿಗೂ ಇಷ್ಟರಿಂದ ಇಷ್ಟು ಎಂಬ ಬೇಲಿ. ಆ ಬೇಲಿಯನ್ನು ಪತ್ರಿಕೆಗಳು ಸಾಮಾನ್ಯವಾಗಿ ಕಿತ್ತು ಹಾಕಿ ನಡುವಿನ ಒಂದೇ ಸಂಖ್ಯೆ ಅಚ್ಚು ಹಾಕುತ್ತವೆ. ನಮ್ಮ ವೃತ್ತಿಯವರ ಹಳೆಯ ಸಂಕಟ ಇದು.

ಅದೇ ಪರೀಕ್ಷೆಯನ್ನು ಈಗ ಸಾವಿರ ಜನರಲ್ಲಿ ಹತ್ತೇ ಸೋಂಕಿತರಿರುವ ಊರಿಗೆ ಒಯ್ಯಿರಿ. ನಿಜದವರು ಒಂಬತ್ತು, ಸುಳ್ಳಿನವರು ಹತ್ತಿರಹತ್ತಿರ ಇಪ್ಪತ್ತು. ಇದೆ ಎಂದು ಚೀಟಿ ಪಡೆದ ಮೂವರಲ್ಲಿ ಇಬ್ಬರಿಗೆ ಇಲ್ಲ! ಪರೀಕ್ಷೆ ಬದಲಾಗಲಿಲ್ಲ, ಕಿಟ್ ಬದಲಾಗಲಿಲ್ಲ, ಊರು ಬದಲಾಯಿತು ಅಷ್ಟೆ. ಹದಿನೆಂಟನೆಯ ಶತಮಾನದಲ್ಲಿ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ ಬರೆದಿಟ್ಟ ಸೂತ್ರದ ಹುರುಳು ಇಷ್ಟೇ. ಪರೀಕ್ಷೆಯ ಉತ್ತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದು, ಪರೀಕ್ಷೆಗೆ ಮೊದಲೇ ಅನುಮಾನ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ.

ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರ ಎಂದು ಬಂದವರನ್ನು ವೈದ್ಯರು ‘ಕಾಡಿಗೆ ಹೋಗಿದ್ರಾ? ಯಾವಾಗ? ಆ ಕಡೆ ಮಂಗ ಸತ್ತಿದ್ದು ಕೇಳಿದ್ರಾ?’ ಎಂದು ಕೇಳುತ್ತಾರೆ. ಕೆಲವರಿಗೆ ಕಿರಿಕಿರಿ. ಜ್ವರಕ್ಕೆ ಸೂಜಿ ಹಾಕಿ ಅಂದರೆ ಇವರದೇನು ವಿಚಾರಣೆ ಎನ್ನುತ್ತಾರೆ. ಅರಣ್ಯದವರ ಭಯಕ್ಕೆ ಹೋಗಿಲ್ಲ ಎಂದು ಸುಳ್ಳು ಹೇಳುವವರೂ ಇದ್ದಾರೆ. ಆದರೆ ಆ ಪ್ರಶ್ನೆಯ ಕೆಲಸ ಬೇಯ್ಸನ ಕೆಲಸವೇ. ಹೂಂ ಎಂದ ಒಬ್ಬ ರೋಗಿ, ಸಾವಿರಕ್ಕೆ ಹತ್ತರ ಗುಂಪಿನಿಂದ ಸಾವಿರಕ್ಕೆ ಮುನ್ನೂರರ ಗುಂಪಿಗೆ ಬಂದಂತೆ. ಅಲ್ಲಿಂದ ಮುಂದೆ ರಕ್ತಪರೀಕ್ಷೆಯ ಉತ್ತರಕ್ಕೆ ತೂಕ ಬರುತ್ತದೆ, ದೊಡ್ಡ ಆಸ್ಪತ್ರೆಗೆ ಕಳಿಸುವ ನಿರ್ಧಾರ ಬೇಗ ಆಗುತ್ತದೆ.

ಹಾಗಾದರೆ ಪಟ್ಟಿಗೆ ಬೀಳದವರನ್ನು ಹುಡುಕಲು ನಾವೇನು ಮಾಡಬಹುದು? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡುವ ಮಕ್ಕಳಿಗೆ ಸಾಮಾನ್ಯವಾಗಿ ಒಂದು ಪ್ರಾಜೆಕ್ಟ್ ಇರುತ್ತದೆ. ಬಹುಪಾಲು ಮಕ್ಕಳು ಯಾವುದೋ ದೇಶದ ಸಿದ್ಧ ದತ್ತಾಂಶ ಇಳಿಸಿಕೊಂಡು ಲೆಕ್ಕ ಮಾಡಿ, ಬೈಂಡು ಹಾಕಿಸಿ, ಕಪಾಟಿಗೆ ಸೇರಿಸುತ್ತಾರೆ. ಅವರಲ್ಲಿ ಹತ್ತು ಮಂದಿಯನ್ನು ಡಿಸೆಂಬರಿನಿಂದ ಮೇವರೆಗೆ ತಾಲ್ಲೂಕಿನ ಆಸ್ಪತ್ರೆಗಳ ಜ್ವರದ ದಾಖಲೆ ಪುಸ್ತಕಗಳ ಮುಂದೆ ಕೂರಿಸಬಹುದು. ಯಾವ ಊರಿನಿಂದ ಜ್ವರದವರು ಬರುತ್ತಲೇ ಇಲ್ಲ, ಏಕೆ ಬರುತ್ತಿಲ್ಲ ಎಂದು ಆ ಊರಿಗೇ ಹೋಗಿ ನೋಡಿ ಬರಲು ಹೇಳಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ವಿದೇಶದ ಯಂತ್ರ ಬೇಡ. ಇಲಾಖೆಯಿಂದ ಒಂದು ಒಪ್ಪಿಗೆ ಪತ್ರ, ರೋಗಿಗಳ ಹೆಸರು ಹೊರಗೆ ಬಾರದಂತೆ ಒಂದು ಎಚ್ಚರಿಕೆ, ಬಸ್ಸಿನ ಖರ್ಚು. ನಮ್ಮ ಕಡೆಯಿಂದ ಆಗಬೇಕಾದ್ದು ಇದು.

ನಿಮ್ಮ ಕಡೆಯಿಂದ ಆಗಬೇಕಾದ್ದು ಇನ್ನೂ ಕಡಿಮೆ. ತೋಟದಲ್ಲೋ ಬೆಟ್ಟದಲ್ಲೋ ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಸುಳಿಯದೆ, ಜಾಗ ಯಾವುದೆಂದು ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅದೇ ದಿನ ತಿಳಿಸಿ. ಕಣಿವೆಯಲ್ಲಿದ್ದರೂ ತಿಳಿಸಿ, ದೂರವಿದ್ದರೂ ತಿಳಿಸಿ. ಜ್ವರ ಬಂದು ಆಸ್ಪತ್ರೆಗೆ ಹೋದರೆ ಯಾವ ಬೆಟ್ಟಕ್ಕೆ, ಯಾವ ದಿನ ಹೋಗಿದ್ದಿರಿ ಎಂದು ವೈದ್ಯರು ಕೇಳುವ ಮೊದಲೇ ಹೇಳಿ.